ತಿರುಗದಿದ್ದರೂ ಕಾಣಬೇಕು

ಮೊದಲು ಮನೆಯ ಒಂದು ಸಂಗತಿಯನ್ನು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕ ಊರಿನಲ್ಲಿದ್ದಾಳೆ. ಮೊಮ್ಮಗನಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವನಿಗೊಂದು ತೂಗಾಡುವ ಮರದ ಕುದುರೆ ಕೊಡಿಸಬೇಕೆಂದು ಅವಳ ಆಸೆ. ಹೋಗಿ ಕೈಯಿಂದ ಮುಟ್ಟಿ ನೋಡುವಷ್ಟು ಹತ್ತಿರದಲ್ಲಿ ಅಂಥ ಅಂಗಡಿ ಇಲ್ಲ. ಆದ್ದರಿಂದ ಫೋನಿನಲ್ಲೇ ಹುಡುಕಿದಳು. ಒಂದು ಅಂಗಡಿಯವರ ಪುಟ ಸಿಕ್ಕಿತು. 'ಕುದುರೆಯನ್ನು ಬೆರಳಿನಿಂದ ತಿರುಗಿಸಿ ಎಲ್ಲ ಕಡೆಯಿಂದಲೂ ನೋಡಿ' ಎಂದು ಅಲ್ಲಿ ಬರೆದಿತ್ತು. ಅದರ ಕೆಳಗೆ ಇದ್ದದ್ದು ಬೂದು ಬಣ್ಣದ ಒಂದು ಚೌಕ, ಅದರ ನಡುವೆ ಸುತ್ತುತ್ತಲೇ ಇದ್ದ ಒಂದು ಉಂಗುರ. ಐದು ನಿಮಿಷ ಕಾದಳು. ಫೋನು ಬಿಸಿಯಾಯಿತೇ ಹೊರತು ಕುದುರೆ ಬರಲಿಲ್ಲ. ನನಗೆ ಕರೆ ಮಾಡಿ, "ನನ್ನ ಫೋನು ಹಳೇದಾಯ್ತು ಕಣೋ, ಇದರಲ್ಲಿ ಇಂಥದ್ದೆಲ್ಲ ಬರಲ್ಲ. ನಮ್ಮಂಥೋರಿಗೆ ಅಲ್ಲ ಬಿಡು ಇದು" ಎಂದಳು.

ಆ ಮಾತು ನನಗೆ ಚುಚ್ಚಿತು. ಏಕೆಂದರೆ ಇಂಥ ಪುಟಗಳನ್ನು ಕಟ್ಟಿಕೊಡುವುದೇ ನನ್ನ ಕಸುಬು. ಅಕ್ಕನ ಫೋನಿನಲ್ಲಿ ಸಿನಿಮಾ ಓಡುತ್ತದೆ. ದೂರದ ಮಗಳ ಮುಖ ನೋಡುತ್ತಾ ಅವಳು ಮಾತನಾಡುತ್ತಾಳೆ. ಕರೆಂಟಿನ ಬಿಲ್ಲು ಕಟ್ಟುತ್ತಾಳೆ. ಒಂದು ಕುದುರೆಯ ಫೋಟೋ ತೋರಿಸಲು ಆ ಫೋನಿಗೆ ಯಾವ ಕಷ್ಟವೂ ಇರಲಿಲ್ಲ. ಆದರೆ ಪುಟ ಕಟ್ಟಿದವರು ಅಲ್ಲಿ ಫೋಟೋ ಇಟ್ಟಿರಲೇ ಇಲ್ಲ. ತಪ್ಪು ಅವರದು. ತಪ್ಪೊಪ್ಪಿಕೊಂಡವಳು ಮಾತ್ರ ಅಕ್ಕ.

ಇವತ್ತು ನಾನು ನಿಮ್ಮೊಂದಿಗೆ ಮಾತನಾಡಬೇಕೆಂದಿರುವುದು ಈ ಬೂದು ಚೌಕದ ಬಗೆಗೆ. ಅಂತರಜಾಲದ ಅಂಗಡಿಗಳಲ್ಲಿ ವಸ್ತುಗಳನ್ನು ತಿರುಗಿಸಿ ತೋರಿಸುವ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ, ಏಕೆ ಕೈಕೊಡುತ್ತದೆ, ಕೈಕೊಟ್ಟಾಗ ಅದರ ಜಾಗದಲ್ಲಿ ಏನಿರಬೇಕು ಎಂಬುದೇ ವಿಷಯ. ನೀವು ಕೊಳ್ಳುವವರಾಗಿರಬಹುದು, ಮಾರುವವರಾಗಿರಬಹುದು, ಪುಟ ಕಟ್ಟುವ ಕೆಲಸ ಕಲಿಯುತ್ತಿರುವ ತರುಣರಾಗಿರಬಹುದು. ಮೂವರಿಗೂ ಇದರಲ್ಲಿ ಪಾಲಿದೆ.

ಕಂಪ್ಯೂಟರಿನ ಮಾತಿಗೆ ಹೋಗುವ ಮುನ್ನ ನಮ್ಮ ದೂರದರ್ಶನದ ಒಂದು ಹಳೆಯ ಪಾಠವನ್ನು ನೆನಪಿಸಿಕೊಳ್ಳೋಣ. ಭಾರತದಲ್ಲಿ ಬಣ್ಣದ ಪ್ರಸಾರ ಆರಂಭವಾದದ್ದು 1982ರ ಆಗಸ್ಟ್ 15ರಂದು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಣ್ಣದಲ್ಲಿ ಪ್ರಸಾರವಾಯಿತು. ಆಗ ಮನೆಗಳಲ್ಲಿದ್ದ ಪೆಟ್ಟಿಗೆಗಳು ಕಪ್ಪು ಬಿಳುಪಿನವು. ಬಣ್ಣದ ಪ್ರಸಾರ ಬಂದ ದಿನ ಆ ಪೆಟ್ಟಿಗೆಗಳು ಕುರುಡಾದವೇ? ಇಲ್ಲ. ಅದೇ ಕ್ರೀಡಾಕೂಟವನ್ನು ಅವು ಕಪ್ಪು ಬಿಳುಪಿನಲ್ಲಿ ತೋರಿಸಿದವು. ಇದು ಆಕಸ್ಮಿಕವಲ್ಲ. ನಾವು ಅಳವಡಿಸಿಕೊಂಡ ಪಾಲ್ ಪದ್ಧತಿಯಲ್ಲಿ ಚಿತ್ರದ ಬೆಳಕಿನ ಅಂಶವನ್ನು ಒಂದು ಸಂಕೇತವಾಗಿಯೂ ಬಣ್ಣದ ಅಂಶವನ್ನು ಅದರ ಮೇಲೆ ಕುಳ್ಳಿರಿಸಿದ ಇನ್ನೊಂದು ಸಂಕೇತವಾಗಿಯೂ ಕಳಿಸುತ್ತಿದ್ದರು. ಹಳೆಯ ಪೆಟ್ಟಿಗೆ ಬೆಳಕಿನ ಅಂಶವನ್ನಷ್ಟೇ ಎತ್ತಿಕೊಳ್ಳುತ್ತಿತ್ತು. ಹೊಸ ಪೆಟ್ಟಿಗೆ ಎರಡನ್ನೂ ಎತ್ತಿಕೊಳ್ಳುತ್ತಿತ್ತು.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದಲ್ಲಿ 1950ರಲ್ಲಿ ಸಿಬಿಎಸ್ ಸಂಸ್ಥೆಯ ಬಣ್ಣದ ಪದ್ಧತಿಗೆ ಸರ್ಕಾರಿ ಮಂಜೂರಾತಿ ದೊರೆಯಿತು. ಅದರ ಬಣ್ಣ ಚೆನ್ನಾಗಿಯೇ ಇತ್ತು. ಆದರೆ ಜನರ ಮನೆಯಲ್ಲಾಗಲೇ ಇದ್ದ ಪೆಟ್ಟಿಗೆಗಳಲ್ಲಿ ಆ ಪ್ರಸಾರ ಕಾಣುತ್ತಲೇ ಇರಲಿಲ್ಲ. 1951ರ ಜೂನ್‌ನಲ್ಲಿ ಆರಂಭವಾದ ಪ್ರಸಾರ ಅದೇ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಕೊರಿಯಾ ಯುದ್ಧದ ಕಾಲದ ನಿರ್ಬಂಧಗಳೂ ಅದಕ್ಕೆ ಕಾರಣವಾದವು. ಆದರೆ 1953ರಲ್ಲಿ ಅಲ್ಲಿ ಕೊನೆಗೆ ಒಪ್ಪಿಕೊಂಡದ್ದು ಹಳೆಯ ಪೆಟ್ಟಿಗೆಗಳಲ್ಲೂ ಕಾಣುವ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿಯನ್ನೇ. ಮೊದಲು ಎಲ್ಲರಿಗೂ ಚಿತ್ರ, ಸಾಧ್ಯವಿದ್ದವರಿಗೆ ಬಣ್ಣ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ. ನನ್ನ ಮಾತಿನ ಸಾರವೆಲ್ಲ ಇದರಲ್ಲೇ ಇದೆ.

ಇನ್ನು ನಮ್ಮ ಮರದ ಕುದುರೆಗೆ ಬರೋಣ. ಅದು ಪರದೆಯ ಮೇಲೆ ತಿರುಗುವುದು ಹೇಗೆ? ಫೋಟೋ ಎಂದರೆ ಬಣ್ಣದ ಚುಕ್ಕೆಗಳ ಒಂದು ಹಾಳೆ. ತಿರುಗುವ ಕುದುರೆ ಹಾಗಲ್ಲ. ಅಂಗಡಿಯವರ ಕಂಪ್ಯೂಟರಿನಿಂದ ನಿಮಗೆ ಬರುವುದು ಕುದುರೆಯ ಆಕಾರದ ಲೆಕ್ಕ. ಸಾವಿರಾರು ಸಣ್ಣ ತ್ರಿಕೋನಗಳನ್ನು ಒಂದಕ್ಕೊಂದು ಹೊಂದಿಸಿ ಅದರ ಮೈ ಮಾಡಿರುತ್ತಾರೆ. ಆ ಮೈಗೆ ಹೊದಿಸಲು ಮರದ ಗೆರೆ, ಅರಗಿನ ಬಣ್ಣ, ಹೊಳಪು ಇವುಗಳ ಚಿತ್ರಗಳೂ ಜೊತೆಗೆ ಬರುತ್ತವೆ. ಬೆಳಕು ಎಲ್ಲಿಂದ ಬೀಳುತ್ತದೆ, ನೀವು ಯಾವ ಕಡೆಯಿಂದ ನೋಡುತ್ತಿದ್ದೀರಿ ಎಂಬುದನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ಕೆಲಸ ನಡೆಯುವುದು ನಿಮ್ಮ ಫೋನಿನಲ್ಲೇ. ನೀವು ಬೆರಳು ಸರಿಸಿದಾಗ ಆ ಲೆಕ್ಕವನ್ನು ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಹಾಕಬೇಕು. ಒಂದೊಂದು ಚಿತ್ರಕ್ಕೂ ಸಿಗುವ ಸಮಯ 17 ಮಿಲಿಸೆಕೆಂಡಿಗಿಂತ ಕಡಿಮೆ. ಇದಕ್ಕೆಂದೇ ಫೋನಿನೊಳಗೆ ಗ್ರಾಫಿಕ್ಸ್ ಚಿಪ್ ಇರುತ್ತದೆ. ಆ ಚಿಪ್ಪಿಗೆ ಕೆಲಸ ಹೇಳುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು.

ಇದು ಒಂದೇ ದಿನದಲ್ಲಿ ಬಂದ ವಿದ್ಯೆಯಲ್ಲ. ಅಂತರಜಾಲದಲ್ಲಿ ಮೂರು ಆಯಾಮದ ವಸ್ತುಗಳನ್ನು ಬಣ್ಣಿಸುವ ವಿಆರ್‌ಎಂಎಲ್ ಎಂಬ ಭಾಷೆ 1994ರಲ್ಲಿ ರೂಪುಗೊಳ್ಳತೊಡಗಿತು. 1997ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದೇ ಕಾಲದಲ್ಲಿ, 1995ರಲ್ಲಿ, ಆಪಲ್ ಸಂಸ್ಥೆ ಕ್ವಿಕ್‌ಟೈಮ್ ವಿಆರ್ ಎಂಬುದನ್ನು ತಂದಿತು. ಅದರಲ್ಲಿ ತ್ರಿಕೋನಗಳ ಗೊಡವೆ ಇರಲಿಲ್ಲ. ವಸ್ತುವಿನ ಸುತ್ತ ಅನೇಕ ಫೋಟೋ ತೆಗೆದು, ಬೆರಳು ಸರಿದಂತೆ ಒಂದರ ನಂತರ ಒಂದನ್ನು ತೋರಿಸುವುದೇ ಅದರ ಉಪಾಯ. ಈ ಸರಳ ಉಪಾಯದ ಬೆಲೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಆ ಕಾಲದಲ್ಲಿ ಇವೆಲ್ಲಕ್ಕೂ ಬ್ರೌಸರಿಗೆ ಹೊರಗಿನಿಂದ ಒಂದೊಂದು ಜೋಡಣೆ ಹಾಕಿಕೊಳ್ಳಬೇಕಿತ್ತು. ಅವುಗಳಿಗೆ ಪ್ಲಗ್‌ಇನ್ ಎನ್ನುತ್ತಿದ್ದರು. ಜೋಡಣೆ ಇಲ್ಲದವರಿಗೆ ಚಿತ್ರವಿಲ್ಲ. ಹೀಗೆ ಬಹುಕಾಲ ಮೆರೆದ ಫ್ಲ್ಯಾಶ್ ಅನ್ನು ಅದರ ಒಡೆಯರಾದ ಅಡೋಬಿ ಸಂಸ್ಥೆ 2020ರ ಕೊನೆಯಲ್ಲಿ ನಿಲ್ಲಿಸಿತು. 2021ರ ಜನವರಿ 12ರಿಂದ ಅದರ ಚಿತ್ರಗಳು ತೆರೆಯದಂತೆ ತಡೆಯಿತು. ಫ್ಲ್ಯಾಶ್ ಒಂದನ್ನೇ ನಂಬಿ ವಸ್ತುಗಳನ್ನು ತೋರಿಸುತ್ತಿದ್ದ ಪುಟಗಳಲ್ಲಿ ಆಮೇಲೆ ಉಳಿದದ್ದು ಖಾಲಿ ಜಾಗ.

ಹೊರಗಿನ ಜೋಡಣೆ ಇಲ್ಲದೆ ಬ್ರೌಸರೇ ಗ್ರಾಫಿಕ್ಸ್ ಚಿಪ್ಪಿನಿಂದ ಕೆಲಸ ಮಾಡಿಸಿಕೊಳ್ಳುವ ದಾರಿಗೆ ವೆಬ್‌ಜಿಎಲ್ ಎಂದು ಹೆಸರು. ಮೊಜಿಲ್ಲಾದಲ್ಲಿದ್ದ ವ್ಲಾಡಿಮಿರ್ ವುಕಿಚೆವಿಚ್ 2006ರಲ್ಲಿ ಇದರ ಮೊದಲ ಪ್ರಯೋಗವನ್ನು ತೋರಿಸಿದರು. ಕ್ರೋನೋಸ್ ಎಂಬ ಮಾನಕ ಸಂಸ್ಥೆ 2011ರ ಮಾರ್ಚ್‌ನಲ್ಲಿ ಅದರ ಮೊದಲ ಆವೃತ್ತಿಯನ್ನೂ 2017ರಲ್ಲಿ ಎರಡನೆಯದನ್ನೂ ಪ್ರಕಟಿಸಿತು. ಐಫೋನಿನ ಸಫಾರಿ 2014ರಲ್ಲಿ ಮೊದಲ ಆವೃತ್ತಿಯನ್ನು ಒಪ್ಪಿಕೊಂಡಿತು. ಎರಡನೆಯದನ್ನು ಒಪ್ಪಿಕೊಳ್ಳಲು 2021 ಆಗಬೇಕಾಯಿತು. ಈಗ ಅದರ ಮುಂದಿನ ಹೆಜ್ಜೆಯಾದ ವೆಬ್‌ಜಿಪಿಯು ಬಂದಿದೆ. ಕ್ರೋಮ್ ಅದನ್ನು 2023ರಲ್ಲಿ ತಂದಿತು. ಫೈರ್‌ಫಾಕ್ಸ್, ಸಫಾರಿಗಳು 2025ರಲ್ಲಿ ತಂದವು. ಈ ಇಸವಿಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಹೊಸ ವಿದ್ಯೆ ಬಂದ ವರ್ಷಕ್ಕೂ ಅದು ಎಲ್ಲರ ಕೈಗೆ ಬರುವ ವರ್ಷಕ್ಕೂ ನಡುವೆ ದೊಡ್ಡ ಅಂತರವಿರುತ್ತದೆ. ಆ ಅಂತರದಲ್ಲಿ ಬದುಕುವವರು ಯಾವಾಗಲೂ ಇರುತ್ತಾರೆ. ಇವತ್ತು ನನ್ನ ಅಕ್ಕ, ನಾಳೆ ನೀವು ಅಥವಾ ನಾನು.

'ವೆಬ್‌ಜಿಎಲ್ ಬಂದು ಇಷ್ಟು ವರ್ಷಗಳಾದವಲ್ಲ, ಈಗ ಎಲ್ಲ ಫೋನುಗಳಲ್ಲೂ ಇರುತ್ತದಲ್ಲ' ಎಂದು ನೀವು ಕೇಳಬಹುದು. ನಿಜ, ಬಹುಪಾಲು ಫೋನುಗಳಲ್ಲಿದೆ. ಆದರೂ ಕುದುರೆ ಕಾಣದಿರಲು ಕಾರಣಗಳು ಹಲವು.

ಮೊದಲನೆಯದು ಡ್ರೈವರಿನ ದೋಷ. ಬ್ರೌಸರುಗಳನ್ನು ಮಾಡುವವರು ತೊಂದರೆ ಕೊಡುವ ಚಿಪ್ಪು ಮತ್ತು ಡ್ರೈವರುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾರೆ. ನಿಮ್ಮ ಯಂತ್ರ ಆ ಪಟ್ಟಿಯಲ್ಲಿದ್ದರೆ ಬ್ರೌಸರು ಚಿಪ್ಪನ್ನು ಮುಟ್ಟುವುದಿಲ್ಲ. ಇದು ಅನಗತ್ಯ ಹೆದರಿಕೆಯಲ್ಲ. ಯಾರೋ ಅಪರಿಚಿತರು ಬರೆದ ಪುಟವೊಂದು ನಿಮ್ಮ ಯಂತ್ರದ ಒಳಭಾಗದವರೆಗೆ ಕೈ ಚಾಚುವಾಗ ಎಚ್ಚರ ಬೇಕು. ಭದ್ರತೆಯ ಈ ಕಾರಣವನ್ನೇ ಹೇಳಿ ಮೈಕ್ರೋಸಾಫ್ಟ್ 2011ರಲ್ಲಿ ವೆಬ್‌ಜಿಎಲ್ ಅನ್ನು ಕಟುವಾಗಿ ಟೀಕಿಸಿತ್ತು. ಎರಡು ವರ್ಷದ ಬಳಿಕ ತನ್ನ ಬ್ರೌಸರಿನಲ್ಲಿ ಅದನ್ನು ಸೇರಿಸಿಕೊಂಡಿತು. ಕೆಲವು ಕಚೇರಿಗಳ ಕಂಪ್ಯೂಟರುಗಳಲ್ಲಿ ಇದನ್ನು ಬೇಕೆಂದೇ ಆರಿಸಿಟ್ಟಿರುತ್ತಾರೆ.

ಎರಡನೆಯದು ಜ್ಞಾಪಕಶಕ್ತಿಯ ಕೊರತೆ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಕುದುರೆಗೆ ಹೊದಿಸುವ ಚಿತ್ರ ಅಗಲಕ್ಕೆ 4,096, ಎತ್ತರಕ್ಕೆ 4,096 ಚುಕ್ಕೆಗಳದ್ದು ಎಂದಿಟ್ಟುಕೊಳ್ಳಿ. ಒಟ್ಟು 1,67,77,216 ಚುಕ್ಕೆಗಳಾದವು. ಒಂದು ಚುಕ್ಕೆಗೆ 4 ಬೈಟಿನಂತೆ 6,71,08,864 ಬೈಟು, ಅಂದರೆ 64 ಮೆಗಾಬೈಟು. ಜಾಲದಲ್ಲಿ ಬರುವಾಗ ಅದನ್ನು ಮಡಚಿ ಎರಡು ಮೂರು ಮೆಗಾಬೈಟಿಗೆ ಇಳಿಸಿರಬಹುದು. ಆದರೆ ಜೆಪೆಗ್‌ನಂಥ ಮಡಿಕೆಯನ್ನು ಚಿಪ್ಪು ಹಾಗೆಯೇ ಬಳಸಲಾರದು, ಬಿಡಿಸಿ ಹರಡಿಕೊಳ್ಳಬೇಕು. ಬಣ್ಣಕ್ಕೊಂದು, ಹೊಳಪಿಗೊಂದು, ಮೇಲ್ಮೈಯ ಉಬ್ಬುತಗ್ಗಿಗೊಂದು ಎಂದು ಮೂರು ಚಿತ್ರ ಹಾಕಿದರೆ 192 ಮೆಗಾಬೈಟು ಆಯಿತು. ಒಂದು ಆಟಿಕೆಯ ಕುದುರೆಗೆ ಇಷ್ಟು! ಅದೇ ಚಿತ್ರಗಳನ್ನು 1,024ರ ಅಳತೆಗೆ ಇಳಿಸಿದರೆ ಒಂದಕ್ಕೆ 4 ಮೆಗಾಬೈಟಿನಂತೆ ಮೂರಕ್ಕೆ 12 ಸಾಕು. ಫೋನಿನ ಪರದೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಕುದುರೆ ಮೊದಲು ಬರುತ್ತದೆ, ಆಮೇಲೆ ಮಾಯವಾಗುತ್ತದೆ. ನೀವು ನಡುವೆ ಒಂದು ಕರೆಗೆ ಉತ್ತರಿಸಿ ಹಿಂದಿರುಗಿದಾಗ ಪರದೆ ಖಾಲಿ. ಚಿಪ್ಪಿನೊಂದಿಗಿನ ಸಂಪರ್ಕವನ್ನು ಬ್ರೌಸರು ಯಾವಾಗ ಬೇಕಾದರೂ ಕಡಿದುಹಾಕಬಹುದು. ಡ್ರೈವರು ಕುಸಿದಾಗ, ಜಾಗ ಸಾಲದಾದಾಗ ಹೀಗಾಗುತ್ತದೆ. ಪುಟ ಕಟ್ಟುವವರೇ ಇದನ್ನು ತಂದುಕೊಳ್ಳುವುದೂ ಉಂಟು. ಕಂಪ್ಯೂಟರಿನ ಕ್ರೋಮ್ ಇಂಥ 16 ಸಂಪರ್ಕಗಳನ್ನಷ್ಟೇ ಒಮ್ಮೆಗೆ ಇಟ್ಟುಕೊಳ್ಳುತ್ತದೆ. ಒಂದೇ ಪುಟದಲ್ಲಿ 20 ಆಟಿಕೆಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಬೇರೆ ಬೇರೆ ಸಂಪರ್ಕ ತೆರೆದರೆ, ಹದಿನೇಳನೆಯದು ಬಂದಾಗ ಹಳೆಯದೊಂದು ಆರಿಹೋಗುತ್ತದೆ.

ಹಾಗಾದರೆ ಚಿಪ್ಪು ಸಿಗದಾಗ ಆ ಲೆಕ್ಕವನ್ನು ಫೋನಿನ ಮುಖ್ಯ ಮಿದುಳಿನಿಂದಲೇ ಮಾಡಿಸಬಾರದೇ? ಮಾಡಿಸಬಹುದು. ಕ್ರೋಮ್ ಬಹುಕಾಲ ಸ್ವಿಫ್ಟ್‌ಶೇಡರ್ ಎಂಬ ತಂತ್ರಾಂಶದಿಂದ ಹಾಗೆ ಮಾಡಿಸುತ್ತಿತ್ತು. ಆದರೆ ಅದು ಎತ್ತಿನ ಗಾಡಿಯ ಹೊರೆಯನ್ನು ತಲೆಯ ಮೇಲೆ ಹೊತ್ತಂತೆ. ಕುದುರೆ ತಡವರಿಸುತ್ತದೆ, ಯಂತ್ರ ಬಿಸಿಯಾಗುತ್ತದೆ, ಬ್ಯಾಟರಿ ಕರಗುತ್ತದೆ. ಭದ್ರತೆಯ ಕಾರಣಗಳನ್ನೂ ಹೇಳಿ, ತಾನಾಗಿಯೇ ಸ್ವಿಫ್ಟ್‌ಶೇಡರಿಗೆ ಇಳಿಯುವ ಈ ಪದ್ಧತಿಯನ್ನು ಕೈಬಿಡುವುದಾಗಿ ಕ್ರೋಮ್ ಅಭಿವೃದ್ಧಿಪಡಿಸುವವರು 2025ರಲ್ಲಿ ಪ್ರಕಟಿಸಿದರು. ಆದ್ದರಿಂದ ಬ್ರೌಸರು ಹೇಗೋ ಕಾಪಾಡುತ್ತದೆ ಎಂದು ಪುಟ ಕಟ್ಟುವವರು ನಂಬಿ ಕೂರುವಂತಿಲ್ಲ.

ಅಕ್ಕ ಕರೆ ಮಾಡಿದ ರಾತ್ರಿ ನಾನು ಒಂದು ಕೆಲಸ ಮಾಡಿದೆ. ಫೈರ್‌ಫಾಕ್ಸ್‌ನ ಒಳ ಹೊಂದಾಣಿಕೆಗಳಲ್ಲಿ ವೆಬ್‌ಜಿಎಲ್ ಅನ್ನು ಆರಿಸಿಡುವ ಅವಕಾಶವಿದೆ. ಅದನ್ನು ಆರಿಸಿ, ನಾನೇ ಕಟ್ಟಿಕೊಟ್ಟಿದ್ದ ಪುಟಗಳನ್ನು ಒಂದೊಂದಾಗಿ ತೆರೆದೆ. ಮೊದಲ ಪುಟದಲ್ಲಿ ಬೂದು ಚೌಕ. ಎರಡನೆಯದರಲ್ಲೂ ಬೂದು ಚೌಕ. ಮೂರನೆಯದರಲ್ಲಿ 'ನಿಮ್ಮ ಬ್ರೌಸರ್ ಬೆಂಬಲಿಸುವುದಿಲ್ಲ' ಎಂಬ ಒಂದು ಸಾಲು. ಆ ಸಾಲನ್ನು ಬರೆದವನು ನಾನೇ. ಬರೆದ ದಿನ ಅದು ಸಭ್ಯವಾದ ಮಾತೆಂದು ನನಗೆ ಅನ್ನಿಸಿತ್ತು. ಅಕ್ಕನ ದನಿಯನ್ನು ಕೇಳಿದ ಮೇಲೆ ಓದಿದಾಗ, ಅಂಗಡಿಯ ಬಾಗಿಲಲ್ಲಿ ನಿಂತು 'ನಿಮ್ಮ ಬಟ್ಟೆ ಸರಿಯಿಲ್ಲ, ಹೋಗಿ' ಎಂದಂತೆ ಕೇಳಿಸಿತು. ಇನ್ನೊಬ್ಬರ ಪುಟವನ್ನು ಬೈಯುವ ಹಕ್ಕು ನನಗಿರಲಿಲ್ಲ.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವನ್ನು ನಿಮ್ಮ ಮುಂದಿಡುತ್ತೇನೆ. ಮೆಟ್ಟಿಲುಗಳಂತೆ ಇದನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು.

ಕೆಳಗಿನ ಮೆಟ್ಟಿಲು ಮಾತು. ಕುದುರೆಯ ಉದ್ದ, ಅಗಲ, ನೆಲದಿಂದ ಕೂರುವ ಜಾಗದ ಎತ್ತರ, ತೂಕ, ಯಾವ ಮರ, ಎಂಥ ಬಣ್ಣ, ಹಿಡಿಯನ್ನು ಹೇಗೆ ಕೂರಿಸಿದ್ದಾರೆ ಎಂಬುದನ್ನು ಅಕ್ಷರದಲ್ಲಿ ಬರೆಯಬೇಕು. ಅಕ್ಕನಿಗೆ ತಿಳಿಯಬೇಕಿದ್ದದ್ದು ಇದೇ. ಮಗು ಮುಂದಕ್ಕೆ ಬಾಗಿದರೆ ಕುದುರೆ ಮಗುಚುವುದಿಲ್ಲವೇ? ಕೆಳಗಿನ ಬಾಗು ಮರ ಎಷ್ಟು ಅಗಲ? ಮೊಳೆ ಎಲ್ಲಾದರೂ ಹೊರಗೆ ಬಂದಿದೆಯೇ? ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದ ಮೂಲಕ ಪುಟವನ್ನು ಕೇಳುತ್ತಾರೆ. ಅವರಿಗೆ ಈ ಮಾತೇ ಚಿತ್ರ. ಫೋಟೋದ ಜೊತೆಗೆ ಅದರ ವಿವರಣೆಯನ್ನು ಬರೆಯುವ ಜಾಗ ಪುಟದ ಭಾಷೆಯಲ್ಲೇ ಇದೆ. ಅದನ್ನು ಖಾಲಿ ಬಿಡಬಾರದು.

ಎರಡನೆಯ ಮೆಟ್ಟಿಲು ಒಂದು ಒಳ್ಳೆಯ ಫೋಟೋ. ಇದು ಸಾಮಾನ್ಯ ಫೋಟೋ ಆಗಿ ಪುಟದಲ್ಲಿ ಮೊದಲೇ ಇರಬೇಕು. ತಿರುಗುವ ಕುದುರೆ ಸಿದ್ಧವಾದಾಗ ಅದು ಬಂದು ಫೋಟೋದ ಜಾಗದಲ್ಲಿ ಕುಳಿತುಕೊಳ್ಳಲಿ. ಸಿದ್ಧವಾಗದಿದ್ದರೆ ಫೋಟೋ ಅಲ್ಲೇ ಇರುತ್ತದೆ. ನೋಡುವವರಿಗೆ ಏನೋ ಕೆಟ್ಟುಹೋಯಿತೆಂದು ಗೊತ್ತೇ ಆಗುವುದಿಲ್ಲ. ಗೂಗಲ್‌ನವರ ಮಾಡೆಲ್ ವ್ಯೂವರ್ ಎಂಬ ಸಿದ್ಧ ಸಲಕರಣೆಯಲ್ಲೂ ಕುದುರೆ ಬರುವ ಮೊದಲು ತೋರಿಸುವ ಚಿತ್ರಕ್ಕೆ ಪೋಸ್ಟರ್ ಎಂಬ ಹೆಸರಿನ ಜಾಗವಿದೆ. ಫೋಟೋ ಮೊದಲು ಕಾಣುವುದರಿಂದ ಒಳ್ಳೆಯ ಫೋನಿರುವವರಿಗೂ ಲಾಭ. ಸಿಗ್ನಲ್ ಕಡಿಮೆ ಇರುವ ಬಸ್ಸಿನಲ್ಲಿ ಕುಳಿತವರೂ ಕುದುರೆಯ ಮುಖವನ್ನು ಬೇಗ ನೋಡುತ್ತಾರೆ.

ಮೂರನೆಯ ಮೆಟ್ಟಿಲು ನಾನು ಆಗಲೇ ಹೇಳಿದ 1995ರ ಸರಳ ಉಪಾಯ, ಫೋಟೋಗಳ ಸರಣಿ. ಕುದುರೆಯನ್ನು ತಿರುಗುವ ಮಣೆಯ ಮೇಲಿಟ್ಟು 15 ಡಿಗ್ರಿಗೊಂದರಂತೆ ತೆಗೆದರೆ ಒಂದು ಸುತ್ತಿಗೆ 24 ಫೋಟೋ ಆಗುತ್ತವೆ. ಒಂದೊಂದು 50 ಕಿಲೋಬೈಟು ಎಂದುಕೊಂಡರೆ ಎಲ್ಲ ಸೇರಿ 1,200 ಕಿಲೋಬೈಟು. ಬೆರಳು ಸರಿಸಿದರೆ ಕುದುರೆ ತಿರುಗುತ್ತದೆ. ಗ್ರಾಫಿಕ್ಸ್ ಚಿಪ್ಪಿನ ವಿಶೇಷ ಬೆಂಬಲ ಇದಕ್ಕೆ ಬೇಡ. ಅರಗಿನ ನಿಜವಾದ ಹೊಳಪು ಫೋಟೋದಲ್ಲಿ ಬಂದೇ ಬಂದಿರುತ್ತದೆ. ಸುತ್ತಿನ 24ರ ಜೊತೆಗೆ ಕುದುರೆಯನ್ನು ತಲೆಕೆಳಗು ಮಾಡಿ ತೆಗೆದ ಒಂದು ಫೋಟೋವನ್ನೂ ಸೇರಿಸಿ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಮಾಡುವುದೇ ವಸ್ತುವನ್ನು ತಿರುವಿ ಅಡಿಭಾಗ ನೋಡುವುದು.

ನಾಲ್ಕನೆಯ ಮೆಟ್ಟಿಲು ನಿಜವಾದ ಮೂರು ಆಯಾಮದ ಕುದುರೆ. ಇದನ್ನು ಏರಿಸುವ ಮೊದಲು ಪುಟವು ಯಂತ್ರವನ್ನು ನೇರವಾಗಿ ಕೇಳಬೇಕು. 'ವೆಬ್‌ಜಿಎಲ್ ಕೊಡುತ್ತೀಯಾ?' ಎಂದು ಕೇಳಿದರೆ ಬ್ರೌಸರು ಸಂಪರ್ಕ ಕೊಡುತ್ತದೆ, ಇಲ್ಲವೇ ಬರಿಗೈ ಆಡಿಸುತ್ತದೆ. ಫೋನಿನ ಹೆಸರು, ಬ್ರೌಸರಿನ ಹೆಸರು ನೋಡಿ ಊಹಿಸಬಾರದು. ಒಂದೇ ಹೆಸರಿನ ಎರಡು ಫೋನುಗಳು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ. 'ತೀರಾ ನಿಧಾನವಾಗುವುದಾದರೆ ಕೊಡಲೇಬೇಡ' ಎಂಬ ಷರತ್ತಿನೊಂದಿಗೆ ಕೇಳುವ ಸೌಲಭ್ಯವೂ ವೆಬ್‌ಜಿಎಲ್‌ನಲ್ಲಿದೆ. ಸಂಪರ್ಕ ಕಡಿದಾಗ ಬ್ರೌಸರು ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನು ಕೇಳಿಸಿಕೊಂಡು ತಕ್ಷಣ ಫೋಟೋವನ್ನು ಮತ್ತೆ ತೋರಿಸಬೇಕು. ಸಂಪರ್ಕ ಮರಳಿದರೆ ಕುದುರೆಯನ್ನು ಮತ್ತೆ ಕಟ್ಟಬೇಕು.

ಕಲಿಯುತ್ತಿರುವ ತರುಣರಿಗೆ ಇಲ್ಲಿ ಎರಡು ಎಚ್ಚರಿಕೆಯ ಮಾತು. ಕುದುರೆಯನ್ನು ಬಿಡಿಸಲು ಪುಟದಲ್ಲಿ ಕ್ಯಾನ್ವಾಸ್ ಎಂಬ ಖಾಲಿ ಹಲಗೆಯನ್ನು ಇಡುತ್ತೀರಿ. ಅದರ ಒಳಗೆ ಬದಲಿ ಫೋಟೋ ಬರೆದಿಟ್ಟರೆ ಸಾಕೆಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಕ್ಯಾನ್ವಾಸ್ ಎಂದರೇನೆಂದೇ ಅರಿಯದ ಬ್ರೌಸರು ಮಾತ್ರ ಒಳಗಿನ ಫೋಟೋವನ್ನು ಪರದೆಗೆ ತರುತ್ತದೆ. ಹಲಗೆ ಗೊತ್ತಿದ್ದು ವೆಬ್‌ಜಿಎಲ್ ಮಾತ್ರ ಸಿಗದ ಬ್ರೌಸರು ಖಾಲಿ ಹಲಗೆಯನ್ನೇ ತೋರಿಸುತ್ತದೆ. ಆದ್ದರಿಂದ ಫೋಟೋ ಹಲಗೆಯ ಹೊರಗಿರಲಿ. ಎರಡನೆಯದು, ಚುಕ್ಕೆಗಳ ಲೆಕ್ಕ. ಪರದೆಯಲ್ಲಿ 360ಕ್ಕೆ 360ರ ಚೌಕವೆಂದು ನೀವು ಬರೆದದ್ದು, ಮೂರು ಪಟ್ಟು ಸಾಂದ್ರತೆಯ ಫೋನಿನಲ್ಲಿ 1,080ಕ್ಕೆ 1,080 ಆಗುತ್ತದೆ. ಬಿಡಿಸಬೇಕಾದ ಚುಕ್ಕೆಗಳು ಒಂಬತ್ತು ಪಟ್ಟು. ಸಾಂದ್ರತೆಯನ್ನು ಎರಡು ಪಟ್ಟಿಗೆ ಮಿತಿಗೊಳಿಸಿದರೆ ಕೆಲಸ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಫೋನಿನ ಬಿಸಿಯೂ ಇಳಿಯುತ್ತದೆ.

'ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತಿದೆ? ಖರ್ಚು ಯಾರು ಕೊಡುತ್ತಾರೆ? ಕಾಣದವರು ನೂರಕ್ಕೆ ಎಷ್ಟು ಮಂದಿ ಇದ್ದಾರು?' ಎಂದು ಅಂಗಡಿಯವರು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಹೀಗೆ. ಇಲ್ಲಿ ದುಬಾರಿಯಾದದ್ದು ನಾಲ್ಕನೆಯ ಮೆಟ್ಟಿಲು ಮಾತ್ರ. ಕೆಳಗಿನ ಎರಡಕ್ಕೆ ಬೇಕಾದದ್ದು ಒಂದು ಅಳತೆ ಪಟ್ಟಿ, ಹಗಲಿನ ಬೆಳಕು, ಒಂದು ಮಧ್ಯಾಹ್ನದ ಶ್ರಮ. ಹಣ ಕಡಿಮೆ ಇದ್ದರೆ ಮೇಲಿನ ಮೆಟ್ಟಿಲನ್ನು ಬಿಡಿ, ಕೆಳಗಿನದನ್ನಲ್ಲ. ಇನ್ನು ಎಷ್ಟು ಮಂದಿ ಎಂಬ ಮಾತು. ಕಾಣದೆ ಹೊರಟುಹೋದವರು ದೂರು ಬರೆಯುವುದಿಲ್ಲ. ನನ್ನ ಅಕ್ಕ ಆ ಅಂಗಡಿಗೆ ಪತ್ರ ಬರೆಯಲಿಲ್ಲ. ತನ್ನ ಫೋನನ್ನೇ ಬೈದುಕೊಂಡು ಸುಮ್ಮನಾದಳು. ಅವಳು ಬಂದು ಹೋದದ್ದು ಆ ಅಂಗಡಿಯವರಿಗೆ ಇವತ್ತಿಗೂ ಗೊತ್ತಿರಲಾರದು.

ಕೊಳ್ಳುವವರಿಗೂ ಒಂದು ಮಾತು. ಪುಟದಲ್ಲಿ ವಸ್ತು ಕಾಣದಿದ್ದರೆ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಇನ್ನೊಂದು ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಿ. ಬ್ರೌಸರಿನ ಹೊಸ ಆವೃತ್ತಿ ಬಂದಿದ್ದರೆ ಹಾಕಿಕೊಳ್ಳಿ. ಆಗಲೂ ಕಾಣದಿದ್ದರೆ ಅಂಗಡಿಯವರಿಗೆ ಕರೆ ಮಾಡಿ, 'ನಿಮ್ಮ ಚಿತ್ರ ಕಾಣುತ್ತಿಲ್ಲ, ನಾಲ್ಕು ಫೋಟೋ ಕಳಿಸಿ' ಎಂದು ಧಾರಾಳವಾಗಿ ಕೇಳಿ. ಅವರಿಗೆ ಅದರಿಂದ ಉಪಕಾರವೇ ಆಗುತ್ತದೆ.

ಅಕ್ಕ ಕೊನೆಗೆ ಕುದುರೆ ಕೊಂಡಳು. ಬೇರೊಂದು ಅಂಗಡಿಯ ಪುಟದಲ್ಲಿ ತಿರುಗುವ ಚಿತ್ರವೇನೂ ಇರಲಿಲ್ಲ. ಐದು ಫೋಟೋ ಇದ್ದವು. ಅದರಲ್ಲೊಂದು ಕುದುರೆಯನ್ನು ಮಗುಚಿಟ್ಟು ತೆಗೆದದ್ದು. ಕೆಳಗೆ ಅಳತೆಗಳನ್ನು ಇಂಚಿನಲ್ಲಿ ಬರೆದಿತ್ತು. ಅಕ್ಕ ಮನೆಯ ಟೇಪು ಹಿಡಿದು ಮೊಮ್ಮಗನ ಕಾಲಿನ ಉದ್ದ ಅಳೆದು, ಎತ್ತರ ಸರಿಹೊಂದುತ್ತದೆಂದು ಖಚಿತ ಮಾಡಿಕೊಂಡು ಹಣ ಕಳಿಸಿದಳು.

ನಾನು ಕಟ್ಟಿದ್ದ ಆ ಮೂರು ಪುಟಗಳನ್ನು ಸರಿಪಡಿಸಲು ಒಂದು ವಾರ ಹಿಡಿಯಿತು. 'ಬೆಂಬಲಿಸುವುದಿಲ್ಲ' ಎಂಬ ಸಾಲನ್ನು ಅಳಿಸಿ ಅಲ್ಲೊಂದು ಫೋಟೋ ಇಟ್ಟೆ. ಈಗ ಯಾವ ಪುಟ ಮುಗಿಸಿದರೂ ಅಂಗಡಿಯವರಿಗೆ ಒಪ್ಪಿಸುವ ಮೊದಲು ಅದನ್ನು ಅಕ್ಕನಿಗೆ ಕಳಿಸುತ್ತೇನೆ. ಅವಳು ಇನ್ನೂ ಅದೇ ಫೋನನ್ನು ಇಟ್ಟುಕೊಂಡಿದ್ದಾಳೆ. "ಕಾಣ್ತಿದೆ ಕಣೋ" ಎಂದ ಮೇಲಷ್ಟೇ ಕೆಲಸ ಮುಗಿಯಿತೆಂದು ಲೆಕ್ಕ.